ಕೋಲಿಕ್ ಅಳುವಿಗೆಂದು ಮಾರುವ ಹನಿ, ಬಾಟಲಿ, ಜೋಳಿಗೆ: ಯಾವುದನ್ನು ಎಷ್ಟು ನಂಬಬಹುದು

ತಾನಾಗಿಯೇ ಹೋಗುವ ತೊಂದರೆಗೆ ಮಾರಾಟವಾಗುವ ಔಷಧಿಯನ್ನು ವಿಮರ್ಶಿಸುವುದು ಸುಲಭವಲ್ಲ. ಎಳೆಗೂಸುಗಳ ಕೋಲಿಕ್, ಅಂದರೆ ಆರೋಗ್ಯವಾಗಿರುವ ಕೂಸು ಕಾರಣ ಕಾಣದೆ ಗಂಟೆಗಟ್ಟಲೆ ಅಳುವುದು, ಅಂಥದೊಂದು ತೊಂದರೆ. ಹುಟ್ಟಿದ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಶುರುವಾಗುವ ಅಳು ಆರನೆಯ ವಾರದ ಹೊತ್ತಿಗೆ ತುತ್ತತುದಿಗೆ ಏರುತ್ತದೆ, ಅಲ್ಲಿಂದ ಇಳಿಯತೊಡಗಿ ಮೂರು ನಾಲ್ಕು ತಿಂಗಳಾಗುವಷ್ಟರಲ್ಲಿ ಹೆಚ್ಚಿನ ಮಕ್ಕಳಲ್ಲಿ ಮುಗಿದೇ ಹೋಗುತ್ತದೆ. ಅಳು ತುದಿ ಮುಟ್ಟಿದಾಗಲೇ ಹೆತ್ತವರು ಅಂಗಡಿಗೆ ಹೋಗುವುದರಿಂದ, ಆ ದಿನ ತಂದ ವಸ್ತು ಯಾವುದೇ ಇರಲಿ, ಮುಂದಿನ ಎರಡು ವಾರಗಳಲ್ಲಿ ಅದಕ್ಕೆ ಒಳ್ಳೆಯ ಹೆಸರು ಬರುವುದು ಬಹುಮಟ್ಟಿಗೆ ಖಚಿತ. ‘ನಮ್ಮ ಮಗುವಿಗೆ ಇದರಿಂದಲೇ ಗುಣವಾಯಿತು’ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ತಾವು ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಆ ಮಾತನ್ನು ಆಧರಿಸಿ ಮತ್ತೊಬ್ಬರ ಎಳೆಗೂಸಿನ ಬಾಯಿಗೆ ಏನನ್ನಾದರೂ ಹಾಕಲು ಸಲಹೆ ಕೊಡುವುದು ಸರಿಯಲ್ಲ. ಆದ್ದರಿಂದ ಇಲ್ಲಿ ಪ್ರತಿಯೊಂದು ವಸ್ತುವನ್ನೂ ಮೂರು ಪ್ರಶ್ನೆಗಳಿಂದ ನೋಡಿದ್ದೇನೆ: ಏನನ್ನೂ ಕೊಡದಿದ್ದರೂ ಇಳಿಯುತ್ತಿದ್ದ ಅಳುವನ್ನು ಅದು ನಿಜಕ್ಕೂ ಇನ್ನಷ್ಟು ಇಳಿಸುತ್ತದೆಯೇ, ಅದರಿಂದ ಮಗುವಿಗೆ ಅಪಾಯವಿದೆಯೇ, ಮತ್ತು ಆ ಕೆಲವು ವಾರಗಳನ್ನು ದಾಟಲು ಮನೆಯವರಿಗೆ ಅದರಿಂದ ಬಲ ಸಿಗುತ್ತದೆಯೇ.

ಅಳುವಿನ ಈ ಏರಿಳಿತ ಬರಿಯ ಅಂದಾಜಲ್ಲ. 1962ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಟಿ. ಬೆರ್ರಿ ಬ್ರೇಜಲ್ಟನ್ ಅವರು 80 ಆರೋಗ್ಯವಂತ ಶಿಶುಗಳ ತಾಯಂದಿರಿಂದ ದಿನಚರಿ ಬರೆಸಿ ನೋಡಿದಾಗ, ಎರಡನೆಯ ವಾರದಲ್ಲಿ ದಿನಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆಯಿದ್ದ ಅಳು ಆರನೆಯ ವಾರಕ್ಕೆ ಎರಡೂಮುಕ್ಕಾಲು ಗಂಟೆಗೆ ಏರಿ, ಆಮೇಲೆ ಇಳಿದದ್ದು ಕಂಡುಬಂತು. ಇದು ಯಾವ ಕಾಯಿಲೆಯೂ ಇಲ್ಲದ ಮಕ್ಕಳ ಲೆಕ್ಕ ಎಂಬುದನ್ನು ಗಮನಿಸಬೇಕು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಮೊದಲ ಆರು ವಾರಗಳಲ್ಲಿ ಶೇ. 17ರಿಂದ 25ರಷ್ಟು ಶಿಶುಗಳು ಕೋಲಿಕ್ ಎನ್ನಬಹುದಾದಷ್ಟು ಅಳುತ್ತವೆ. ಹತ್ತರಿಂದ ಹನ್ನೆರಡನೆಯ ವಾರದ ಹೊತ್ತಿಗೆ ಅಂಥ ಶಿಶುಗಳು ಶೇ. 0.6 ಮಾತ್ರ. ಈ ಇಳಿತದ ಕೀರ್ತಿಯನ್ನು ಯಾವ ಕಂಪನಿಯೂ ತನ್ನದೆಂದು ಹೇಳಿಕೊಳ್ಳುವಂತಿಲ್ಲ.

ಕೊಳ್ಳುವ ಮೊದಲು ಮಗುವಿಗಿರುವುದು ಕೋಲಿಕ್ ಹೌದೇ ಎಂದು ತಿಳಿಯಬೇಕು. ಬಾಟಲಿಯ ಮೇಲಿನ ಚಿತ್ರವಾಗಲಿ ಅಂಗಡಿಯವರ ಮಾತಾಗಲಿ ಇದನ್ನು ಹೇಳಲಾರವು. 1954ರಲ್ಲಿ ಮಾರಿಸ್ ವೆಸೆಲ್ ಮತ್ತು ಸಂಗಡಿಗರು ಕೊಟ್ಟ ಅಳತೆ ಇಂದಿಗೂ ಬಳಕೆಯಲ್ಲಿದೆ: ಚೆನ್ನಾಗಿ ಹಾಲು ಕುಡಿದು ಬೆಳೆಯುತ್ತಿರುವ ಶಿಶು ದಿನಕ್ಕೆ ಮೂರು ಗಂಟೆಗೂ ಹೆಚ್ಚು, ವಾರದಲ್ಲಿ ಮೂರು ದಿನಕ್ಕೂ ಹೆಚ್ಚು, ಮೂರು ವಾರಗಳಿಗೂ ಮೀರಿ ಅತ್ತರೆ ಅದು ಕೋಲಿಕ್. ಕಂಗೆಟ್ಟ ತಾಯಿಗೆ ಮೂರು ವಾರ ಕಾಯಿರಿ ಎಂದು ಹೇಳುವುದು ಮಾನವೀಯವಲ್ಲ. ಅದಕ್ಕೇ 2016ರಲ್ಲಿ ಬಂದ ರೋಮ್ 4 ಮಾನದಂಡಗಳು (ಜೀರ್ಣಾಂಗದ ತೊಂದರೆಗಳನ್ನು ಗುರುತಿಸಲು ತಜ್ಞರು ಕೊಟ್ಟ ಅಳತೆಗಳು) ಚಿಕಿತ್ಸೆಯ ಮಟ್ಟಿಗೆ ಗಂಟೆಗಳ ಲೆಕ್ಕವನ್ನು ಕೈಬಿಟ್ಟವು. ಐದು ತಿಂಗಳೊಳಗಿನ ಮಗು, ಕಾರಣ ಕಾಣದೆ ಪದೇ ಪದೇ ಬರುವ ದೀರ್ಘ ಅಳು, ಎಷ್ಟು ಸಂತೈಸಿದರೂ ನಿಲ್ಲದಿರುವುದು, ಜ್ವರವಾಗಲಿ ಕಾಯಿಲೆಯಾಗಲಿ ತೂಕ ಏರದಿರುವುದಾಗಲಿ ಇಲ್ಲದಿರುವುದು: ಇಷ್ಟಿದ್ದರೆ ವೈದ್ಯರು ಕೋಲಿಕ್ ಎನ್ನುತ್ತಾರೆ. ಸಾಮಾನ್ಯವಾಗಿ ಅಳು ಸಂಜೆಯಿಂದ ನಡುರಾತ್ರಿಯೊಳಗೆ ಬರುತ್ತದೆ. ಮುಖ ಕೆಂಪಾಗುತ್ತದೆ, ಮುಷ್ಟಿ ಬಿಗಿಯುತ್ತದೆ, ಮೊಣಕಾಲು ಹೊಟ್ಟೆಗೆ ಬರುತ್ತದೆ, ಹೊಟ್ಟೆ ಗಟ್ಟಿಯಾಗುತ್ತದೆ, ಗಾಳಿ ಹೋಗುತ್ತದೆ. ನೋಡಿದವರಿಗೆಲ್ಲ ಹೊಟ್ಟೆಯ ನೋವೇ ಎನ್ನಿಸುವುದು ಸಹಜ. ಆದರೆ ಜೋರಾಗಿ ಅಳುವ ಯಾವ ಕೂಸಿನ ಹೊಟ್ಟೆಯ ಸ್ನಾಯುಗಳೂ ಬಿಗಿಯುತ್ತವೆ, ಅಳುವಾಗ ಅದು ಗಾಳಿಯನ್ನೂ ನುಂಗುತ್ತದೆ. ಗಾಳಿಯಿಂದ ಅಳು ಬಂತೋ ಅಳುವಿನಿಂದ ಗಾಳಿ ಸೇರಿತೋ ಎಂಬುದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ‘ಗ್ಯಾಸ್ ಹೋಗಿಸುತ್ತದೆ’ ಎನ್ನುವ ಪ್ರತಿಯೊಂದು ವಸ್ತುವಿನ ಬುಡ ಇಲ್ಲೇ ಸಡಿಲಾಗುತ್ತದೆ.

ಕೆಲವು ಲಕ್ಷಣಗಳಿದ್ದರೆ ಅಂಗಡಿಯ ಕಡೆಗೆ ಹೋಗದೆ ನೇರವಾಗಿ ವೈದ್ಯರ ಬಳಿಗೇ ಹೋಗಬೇಕು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಬಂದರೆ ಅದು ತುರ್ತಿನ ವಿಷಯ. ಹಸಿರು ಬಣ್ಣದ ವಾಂತಿ, ಚಿಮ್ಮಿ ಬರುವ ವಾಂತಿ, ಮಲದಲ್ಲಿ ರಕ್ತ, ಉಬ್ಬಿದ ನೆತ್ತಿ, ಉಸಿರಾಟದ ಕಷ್ಟ, ಹಾಲು ಕುಡಿಯಲು ಒಲ್ಲದಿರುವುದು, ಎಬ್ಬಿಸಿದರೂ ಚುರುಕಾಗದ ಮಂಕು, ಎಂದೂ ಕೇಳದಂಥ ಚೀರುದನಿಯ ಅಥವಾ ತೀರ ಕ್ಷೀಣವಾದ ಅಳು, ಇವುಗಳಲ್ಲಿ ಯಾವುದೂ ಕೋಲಿಕ್‌ನ ಲಕ್ಷಣವಲ್ಲ. ಇದ್ದಕ್ಕಿದ್ದಂತೆ ಹೊಸದಾಗಿ ಶುರುವಾಗಿ ನಿಲ್ಲದ ಅಳುವಿದ್ದರೆ ಬಟ್ಟೆ ಪೂರ್ತಿ ಬಿಚ್ಚಿ ನೋಡುವುದು ಒಳ್ಳೆಯದು: ಕಾಲ್ಬೆರಳಿಗೋ ಕೈಬೆರಳಿಗೋ ಜನನಾಂಗಕ್ಕೋ ತಲೆಗೂದಲೊಂದು ಬಿಗಿಯಾಗಿ ಸುತ್ತಿಕೊಂಡಿರಬಹುದು, ತೊಡೆಸಂದಿನಲ್ಲಿ ಹರ್ನಿಯಾದ ಗಂಟು ಕಾಣಬಹುದು, ವೃಷಣ ಊದಿರಬಹುದು, ಕಣ್ಣು ಕೆಂಪಾಗಿ ನೀರು ಸುರಿಯುತ್ತಿದ್ದರೆ ಉಗುರು ತಾಗಿ ಕಣ್ಣಿನ ಮೇಲ್ಪದರ ಗೀಚಿರಬಹುದು. ಮೂತ್ರದ ಸೋಂಕು ಮತ್ತು ಕಿವಿಯ ಸೋಂಕು ಹೊರಗೆ ಕಾಣದೆಯೇ ಅಳಿಸಬಲ್ಲವು. ಮಗುವಿನ ತೂಕವನ್ನು ಒಮ್ಮೆ ನೋಡಿಸುವುದು ಯಾವ ಔಷಧಿಗಿಂತಲೂ ಮೊದಲಿನ ಕೆಲಸ; ಮೊದಲ ತಿಂಗಳುಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿದ್ದರೆ ಹಸಿವಿನ ಅಳುವೋ ಎಂಬ ಸಂದೇಹ ಬಹುಪಾಲು ನಿವಾರಣೆಯಾಗುತ್ತದೆ.

ಈಗ ವಸ್ತುಗಳ ವಿಷಯ. ಅತಿ ಹೆಚ್ಚು ಮಾರಾಟವಾಗುವ ಸಿಮೆಥಿಕೋನ್ ಹನಿಯಿಂದಲೇ ಆರಂಭಿಸುತ್ತೇನೆ. ಇದು ಸಿಲಿಕೋನ್ ಜಾತಿಯ ದ್ರವ. ಕರುಳಿನಲ್ಲಿರುವ ಚಿಕ್ಕ ಚಿಕ್ಕ ಗುಳ್ಳೆಗಳ ಮೇಲ್ಮೈ ಎಳೆತವನ್ನು ತಗ್ಗಿಸಿ ಅವು ಒಂದುಗೂಡಿ ಹೊರಹೋಗುವಂತೆ ಮಾಡುತ್ತದೆ. ರಕ್ತಕ್ಕೆ ಸೇರುವುದಿಲ್ಲ, ಬಂದಂತೆಯೇ ಮಲದಲ್ಲಿ ಹೋಗುತ್ತದೆ. ಹೀಗಾಗಿ ಸುರಕ್ಷತೆಯಲ್ಲಿ ಇದಕ್ಕೆ ಒಳ್ಳೆಯ ಅಂಕ ಕೊಡಬೇಕು. ಉಪಯೋಗದ ಮಾತು ಬೇರೆ. 1994ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎರಡರಿಂದ ಎಂಟು ವಾರಗಳ 83 ಶಿಶುಗಳಿಗೆ ಒಂದು ಅವಧಿಯಲ್ಲಿ ಸಿಮೆಥಿಕೋನನ್ನೂ ಇನ್ನೊಂದು ಅವಧಿಯಲ್ಲಿ ಔಷಧಿಯಿಲ್ಲದ, ನೋಡಲು ಅದರಂತೆಯೇ ಇರುವ ದ್ರವವನ್ನೂ ಕೊಟ್ಟರು. ಯಾವಾಗ ಯಾವುದು ಎಂಬುದು ಹೆತ್ತವರಿಗೆ ತಿಳಿದಿರಲಿಲ್ಲ. ಸಿಮೆಥಿಕೋನ್‌ನಿಂದ ಮಾತ್ರ ಅಳು ತಗ್ಗಿದ ಮಕ್ಕಳು ಶೇ. 28; ಔಷಧಿಯಿಲ್ಲದ ದ್ರವದಿಂದ ಮಾತ್ರ ತಗ್ಗಿದವರು ಶೇ. 37, ಎರಡರಿಂದಲೂ ತಗ್ಗಿದವರು ಶೇ. 20. ಔಷಧಿಯಿಲ್ಲದ ದ್ರವವೇ ಮುಂದಿತ್ತು ಎಂಬುದಕ್ಕಿಂತ, ಎರಡರ ನಡುವೆ ನಂಬಬಹುದಾದ ವ್ಯತ್ಯಾಸವೇ ಇರಲಿಲ್ಲ ಎಂಬುದು ಇದರ ಸರಿಯಾದ ಅರ್ಥ. ನಾವೂ ಮನೆಯಲ್ಲಿ ಈ ಹನಿ ಬಳಸಿದ್ದೇವೆ. ಪಿಪೆಟ್ ಅಳತೆ ಸ್ಪಷ್ಟವಾಗಿರುತ್ತದೆ, ಹಾಲಿಗೆ ಮೊದಲು ಕೊಡುವುದು ಸುಲಭ, ಮಗು ಮುಖ ಸಿಂಡರಿಸದೆ ನುಂಗುತ್ತದೆ, ಮತ್ತು ಏನನ್ನೋ ಮಾಡುತ್ತಿದ್ದೇವೆ ಎಂಬ ಸಮಾಧಾನ ಆ ಹೊತ್ತಿನಲ್ಲಿ ಸಣ್ಣದಲ್ಲ. ಆದರೂ ಅಳುವಿಗೆ ಇದು ಔಷಧಿಯೆಂದು ಶಿಫಾರಸು ಮಾಡಲಾರೆ. ವೈದ್ಯರು ಬರೆದುಕೊಟ್ಟಿದ್ದರೆ ಹೆದರದೆ ಕೊಡಬಹುದು. ಒಂದು ವಾರದಲ್ಲಿ ಏನೂ ಬದಲಾಗದಿದ್ದರೆ ನಿಲ್ಲಿಸಬಹುದು.

ಗ್ರೈಪ್ ವಾಟರ್‌ನ ಬಗ್ಗೆ ಅಷ್ಟು ಮೃದುವಾಗಿ ಬರೆಯಲು ಸಾಧ್ಯವಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1851ರಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ತಯಾರಕರು ಇದನ್ನು ರೂಪಿಸಿದರು. ಸಬ್ಬಸಿಗೆ ಎಣ್ಣೆ, ಸೋಡಿಯಂ ಬೈಕಾರ್ಬೊನೇಟ್, ಸಕ್ಕರೆ, ನೀರು ಮತ್ತು ಆಲ್ಕೋಹಾಲ್ ಸೇರಿದ ಮೂಲ ತಯಾರಿಕೆ ಅದು. ಆಲ್ಕೋಹಾಲ್ ಎಳೆಗೂಸನ್ನು ಮಂಪರಿಗೆ ತಳ್ಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ತಲೆಮಾರುಗಳ ನಂಬಿಕೆಗೆ ಅದೂ ಒಂದು ಕಾರಣವಾಗಿದ್ದಿರಬಹುದು ಎಂದು ನನಗನ್ನಿಸುತ್ತದೆ. ಬ್ರಿಟನ್ನಿನಲ್ಲಿ 1990ರ ದಶಕದ ಆರಂಭದಲ್ಲಿ ಅದನ್ನು ತೆಗೆದುಹಾಕಿದರು. ಈಗಿನ ಬಾಟಲಿಗಳಲ್ಲಿ ಹೆಚ್ಚಾಗಿ ಆಲ್ಕೋಹಾಲ್ ಇರುವುದಿಲ್ಲ, ಆದರೆ ಒಂದು ತಯಾರಕರ ಗ್ರೈಪ್ ವಾಟರ್ ಇನ್ನೊಬ್ಬರದರಂತೆ ಇರುವುದೂ ಇಲ್ಲ: ಕೆಲವದರಲ್ಲಿ ಶುಂಠಿ, ಕೆಲವದರಲ್ಲಿ ಸೋಂಪು, ಕೆಲವದರಲ್ಲಿ ಸಕ್ಕರೆ, ಕೆಲವದರಲ್ಲಿ ಬೈಕಾರ್ಬೊನೇಟ್. ಅಳು ತಗ್ಗಿಸುತ್ತದೆ ಎನ್ನಲು ಗಟ್ಟಿಯಾದ ಆಧಾರ ಯಾವುದಕ್ಕೂ ಇಲ್ಲ. ಆರು ತಿಂಗಳು ತುಂಬುವ ತನಕ ಎದೆಹಾಲು ಅಥವಾ ಪುಡಿಹಾಲಲ್ಲದೆ ಬೇರೇನೂ ಬೇಡ ಎಂಬ ಸಲಹೆಗೆ ಇದು ವಿರುದ್ಧವಾಗಿದೆ, ಚಮಚಗಟ್ಟಲೆ ಕುಡಿಸಿದರೆ ಹಾಲಿಗೆ ಇರಬೇಕಾದ ಜಾಗವನ್ನು ಇದು ಕಸಿಯುತ್ತದೆ. ಹಿರಿಯರು ಪ್ರೀತಿಯಿಂದ ತಂದುಕೊಟ್ಟಾಗ ಬೇಡವೆನ್ನುವುದು ಸೊಸೆಗೋ ಮಗಳಿಗೋ ಎಷ್ಟು ಕಷ್ಟ ಎಂಬುದನ್ನು ಬಲ್ಲೆ. ಮಗುವಿನ ವೈದ್ಯರ ಬಾಯಿಂದಲೇ ಆ ಮಾತನ್ನು ಹೇಳಿಸುವುದು ಮನೆಯ ನೆಮ್ಮದಿಗೂ ಒಳ್ಳೆಯದು.

ಗಿಡಮೂಲಿಕೆಯ ಕಷಾಯಗಳು ಮತ್ತು ‘ನೈಸರ್ಗಿಕ’ ಎಂಬ ಚೀಟಿ ಹೊತ್ತ ಪುಡಿಗಳ ವಿಷಯದಲ್ಲಿ ನನ್ನ ನಿಲುವು ಇನ್ನೂ ಕಟ್ಟುನಿಟ್ಟಾದದ್ದು. ಶಿಶುಗಳಿಗೆ ಕೊಡುತ್ತಿದ್ದ ಚಕ್ರಮೊಗ್ಗಿನ ಕಷಾಯದಿಂದ ಸೆಳವು ಮತ್ತು ವಾಂತಿಯಂಥ ತೊಂದರೆಗಳು ವರದಿಯಾದಾಗ, ಅದನ್ನು ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2003ರಲ್ಲಿ ಎಚ್ಚರಿಸಿತು. ತಿನ್ನುವ ಜಾತಿಯ ಚಕ್ರಮೊಗ್ಗಿನೊಂದಿಗೆ ನೋಟದಲ್ಲಿ ಅದನ್ನೇ ಹೋಲುವ ವಿಷಕಾರಿ ಜಾತಿಯೊಂದು ಬೆರೆತಿರುವ ಸಾಧ್ಯತೆ ಇದಕ್ಕೆ ಕಾರಣ. ಜೇನುತುಪ್ಪವನ್ನು ಒಂದು ವರ್ಷ ತುಂಬುವ ತನಕ ನಾಲಿಗೆಗೆ ಸವರಲೂ ಬಾರದು, ಅದರಲ್ಲಿರಬಹುದಾದ ಜೀವಾಣುಗಳ ಬೀಜಕಣಗಳು ಶಿಶುವಿನ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ, ಸ್ನಾಯುಗಳ ಬಲ ಕುಂದಿಸುವ ಅಪಾಯಕಾರಿ ಕಾಯಿಲೆಯನ್ನು ತರಬಲ್ಲವು. ಇನ್ನು ಡೈಸೈಕ್ಲೊಮಿನ್ ಎಂಬ ಹೊಟ್ಟೆನೋವಿನ ಔಷಧಿಯ ಮಾತು. ಅಳುವನ್ನು ನಿಜಕ್ಕೂ ತಗ್ಗಿಸಿದ ಔಷಧಿಗಳಲ್ಲಿ ಇದೂ ಒಂದು, ಆದರೆ ಎಳೆಯ ಶಿಶುಗಳಲ್ಲಿ ಉಸಿರು ನಿಲ್ಲುವುದು, ಸೆಳವು, ಪ್ರಜ್ಞೆ ತಪ್ಪುವುದು ಕಂಡುಬಂದ ಮೇಲೆ ಆರು ತಿಂಗಳೊಳಗಿನ ಮಕ್ಕಳಿಗೆ ನಿಷಿದ್ಧವಾಗಿದೆ. ಹಳೆಯ ಚೀಟಿ ಹಿಡಿದು, ಅಕ್ಕನ ಮಗುವಿಗೆ ಕೊಟ್ಟಿದ್ದರೆಂದು ಇದನ್ನು ಕೊಳ್ಳುವ ಯೋಚನೆ ಬಂದರೆ ದಯವಿಟ್ಟು ಬಿಟ್ಟುಬಿಡಿ. ಹೊಟ್ಟೆಯ ಆಮ್ಲ ತಗ್ಗಿಸುವ ಔಷಧಿಗಳೂ ಬರಿಯ ಅಳುವಿಗೆ ಉಪಯೋಗವಿಲ್ಲ.

ಪ್ರೊಬಯಾಟಿಕ್ ಹನಿಗಳ, ಅಂದರೆ ಕರುಳಿಗೆ ಹಿತವೆನ್ನುವ ಜೀವಾಣುಗಳಿರುವ ಹನಿಗಳ, ಬಗ್ಗೆ ಸ್ವಲ್ಪ ನಿಧಾನವಾಗಿ ಬರೆಯಬೇಕು, ಏಕೆಂದರೆ ಬಾಯಿಗೆ ಹಾಕುವ ವಸ್ತುಗಳಲ್ಲಿ ಗೌರವದಿಂದ ಮಾತನಾಡಬಹುದಾದದ್ದು ಇದೊಂದೇ. ‘ಪ್ರೊಬಯಾಟಿಕ್’ ಎಂದು ಬರೆದಿರುವ ಎಲ್ಲ ಬಾಟಲಿಗಳಿಗೂ ಈ ಮಾತು ಹೊಂದುವುದಿಲ್ಲ. ಅಧ್ಯಯನಗಳಲ್ಲಿ ಫಲ ತೋರಿರುವುದು ಲ್ಯಾಕ್ಟೊಬ್ಯಾಸಿಲಸ್ ರ್‍ಯೂಟರಿ ಎಂಬ ಜೀವಾಣುವಿನ ಡಿಎಸ್‌ಎಂ 17938 ಎಂಬ ತಳಿ. ಸಾಮಾನ್ಯ ಪ್ರಮಾಣ ದಿನಕ್ಕೊಮ್ಮೆ 5 ಹನಿ, ಅಂದರೆ ಸುಮಾರು 10 ಕೋಟಿ ಜೀವಾಣುಗಳು. ಇಟಲಿಯ ಸಂಶೋಧಕರು 2010ರಲ್ಲಿ ಎದೆಹಾಲು ಕುಡಿಯುವ ಶಿಶುಗಳಲ್ಲಿ ಇದರಿಂದ ಅಳು ಗಣನೀಯವಾಗಿ ತಗ್ಗಿದ್ದನ್ನು ವರದಿ ಮಾಡಿದರು. 2014ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 167 ಶಿಶುಗಳ ಮೇಲೆ ನಡೆದ ಪ್ರಯೋಗದಲ್ಲಿ ಅಂಥ ಫಲ ಕಾಣಲಿಲ್ಲ. ಅಲ್ಲಿ ಎದೆಹಾಲಿನ ಮಕ್ಕಳೂ ಪುಡಿಹಾಲಿನ ಮಕ್ಕಳೂ ಇದ್ದರು. ಈ ಎರಡು ಪ್ರಯೋಗಗಳನ್ನೂ ಸೇರಿಸಿ, ಒಟ್ಟು ನಾಲ್ಕು ಪ್ರಯೋಗಗಳ 345 ಶಿಶುಗಳ ಮಾಹಿತಿಯನ್ನು ಒಬ್ಬೊಬ್ಬರಂತೆ ಲೆಕ್ಕಹಾಕಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಈ ಗೊಂದಲವನ್ನು ಬಹುಮಟ್ಟಿಗೆ ಬಿಡಿಸಿತು. ಮೂರು ವಾರ ಕೊಟ್ಟ ಮೇಲೆ ಹುಸಿ ಹನಿಗಿಂತ ದಿನಕ್ಕೆ ಸುಮಾರು 25 ನಿಮಿಷ ಅಳು ಹೆಚ್ಚು ತಗ್ಗಿತ್ತು. ಈ ಲಾಭ ಎದೆಹಾಲು ಮಾತ್ರ ಕುಡಿಯುವ ಮಕ್ಕಳಲ್ಲಿ ಸ್ಪಷ್ಟವಾಗಿತ್ತು, ಪುಡಿಹಾಲು ಕುಡಿಯುವವರಲ್ಲಿ ಕಾಣಲಿಲ್ಲ.

ನನ್ನ ತೀರ್ಮಾನವೂ ಅದನ್ನೇ ಅನುಸರಿಸುತ್ತದೆ. ಮಗು ಅವಧಿ ತುಂಬಿ ಹುಟ್ಟಿ ಆರೋಗ್ಯವಾಗಿದ್ದು, ಎದೆಹಾಲನ್ನೇ ಕುಡಿಯುತ್ತಿದ್ದರೆ, ವೈದ್ಯರನ್ನು ಕೇಳಿ ಮೂರು ವಾರ ಪ್ರಯತ್ನಿಸಬಹುದಾದ ವಸ್ತು ಇದು. ಕೊಳ್ಳುವಾಗ ಪೆಟ್ಟಿಗೆಯ ಹಿಂಬದಿಯಲ್ಲಿ ತಳಿಯ ಸಂಖ್ಯೆಯನ್ನು ಓದಬೇಕು. ಸಂಖ್ಯೆಯನ್ನೇ ಬರೆಯದ ಬಾಟಲಿಯನ್ನು ವಾಪಸು ಇಡಬೇಕು. ಎಣ್ಣೆಯಲ್ಲಿ ತೇಲುವ ಪುಡಿಯಾದ್ದರಿಂದ ಪ್ರತಿ ಸಲವೂ ಬಾಟಲಿಯನ್ನು ಚೆನ್ನಾಗಿ ಅಲುಗಿಸಬೇಕು. ಬಿಸಿ ಹಾಲಿಗೆ ಹಾಕಿದರೆ ಜೀವಾಣುಗಳು ಸಾಯುತ್ತವೆ. ಅವಧಿಗೆ ಮುನ್ನ ಹುಟ್ಟಿದ ಮತ್ತು ರೋಗನಿರೋಧಕ ಶಕ್ತಿ ಕುಂದಿದ ಶಿಶುಗಳಿಗೆ ಇದು ಅಂಗಡಿಯಿಂದ ತಂದು ಕೊಡುವ ವಸ್ತುವಲ್ಲ: ಆಸ್ಪತ್ರೆಯಲ್ಲಿರುವ ಅವಧಿಪೂರ್ವ ಶಿಶುಗಳಲ್ಲಿ ಪ್ರೊಬಯಾಟಿಕ್‌ಗಳಿಂದ ಪ್ರಾಣಾಪಾಯದ ಸೋಂಕು ಉಂಟಾಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2023ರಲ್ಲಿ ಎಚ್ಚರಿಸಿದೆ.

ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವವಿರುವ ಲ್ಯಾಕ್ಟೇಸ್ ಹನಿಗಳಿಗೆ ಆಧಾರ ದುರ್ಬಲ, ಹೆಚ್ಚು ಬರೆಯುವಂಥದ್ದೇನಿಲ್ಲ. ಹಸುವಿನ ಹಾಲಿನ ಪ್ರೋಟೀನಿಗೆ ಅಲರ್ಜಿಯಿರುವ ಮಕ್ಕಳ ವಿಷಯ ಬೇರೆ. ಅಳುವಿನ ಜೊತೆಗೆ ಮಲದಲ್ಲಿ ರಕ್ತ ಅಥವಾ ಲೋಳೆ, ಚರ್ಮದ ಮೇಲೆ ಇಸುಬು, ಮರಳಿ ಮರಳಿ ವಾಂತಿ, ತೂಕ ಏರದಿರುವುದು ಕಂಡರೆ ವೈದ್ಯರು ಪುಡಿಹಾಲಿನ ಮಗುವಿಗೆ ಪ್ರೋಟೀನನ್ನು ಬಹುಮಟ್ಟಿಗೆ ಒಡೆದ ಹಾಲನ್ನು, ಎದೆಹಾಲಿನ ಮಗುವಿನ ತಾಯಿಗೆ ಎರಡು ವಾರಗಳ ಮಟ್ಟಿಗೆ ಹಾಲಿನ ಪದಾರ್ಥ ಬಿಡುವುದನ್ನು ಸೂಚಿಸಬಹುದು. ‘ಕಂಫರ್ಟ್’ ಎಂಬಂಥ ಹೆಸರು ಹೊತ್ತ ಸಾಮಾನ್ಯ ಪುಡಿಹಾಲುಗಳು ಇದಕ್ಕೆ ಪರ್ಯಾಯವಲ್ಲ. ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಡಬ್ಬಿ ಬದಲಿಸುತ್ತ ಹೋಗುವುದರಿಂದ ಮಗುವಿಗೆ ಲಾಭವಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಳುವಿಗೆ ಹೆದರಿ ಎದೆಹಾಲನ್ನು ಬಿಡಿಸಬಾರದು. ‘ನಿನ್ನ ಹಾಲು ಮಗುವಿಗೆ ಒಗ್ಗುತ್ತಿಲ್ಲ’ ಎಂಬ ಮಾತು ಬಾಣಂತಿಯ ಮನಸ್ಸಿಗೆ ಮಾಡುವ ಗಾಯ ದೊಡ್ಡದು, ಮತ್ತು ಕೋಲಿಕ್ ಎದೆಹಾಲಿನ ಮಕ್ಕಳಲ್ಲೂ ಪುಡಿಹಾಲಿನ ಮಕ್ಕಳಲ್ಲೂ ಬರುವಂಥದ್ದು.

ಕೋಲಿಕ್ ತಡೆಯುತ್ತದೆ ಎನ್ನುವ ಹಾಲಿನ ಬಾಟಲಿಗಳಲ್ಲಿ ಗಾಳಿಯ ಕೊಳವೆಯೋ ಕವಾಟವೋ ಇರುತ್ತದೆ. ಮಗು ಹೀರಿದಂತೆ ಒಳಗೆ ನಿರ್ವಾತವಾಗದಂತೆ ಗಾಳಿ ಬೇರೆ ದಾರಿಯಿಂದ ಬರುವುದರಿಂದ ಹಾಲಿನಲ್ಲಿ ಗುಳ್ಳೆ ಕಡಿಮೆ ಎಂಬುದು ಇವುಗಳ ತರ್ಕ. ಹಾಲು ಕುಡಿಯುವಾಗ ಮಗು ಕೆಮ್ಮಿ ಉಸಿರುಗಟ್ಟುವುದು, ಬಾಟಲಿಯ ತೊಟ್ಟು ಚಪ್ಪಟೆಯಾಗಿ ಮುಚ್ಚಿಕೊಳ್ಳುವುದು, ಹಾಲು ಕಕ್ಕುವುದು ಹೆಚ್ಚಾಗಿದ್ದರೆ ಇಂಥ ಬಾಟಲಿ ಕುಡಿಸುವುದನ್ನು ಸಲೀಸು ಮಾಡುತ್ತದೆ, ಅದು ನಾನೇ ನೋಡಿದ್ದು. ಸಂಜೆಯ ಅಳುವನ್ನು ತಡೆಯುವ ಶಕ್ತಿ ಇದಕ್ಕಿದೆ ಎಂದು ಹೇಳಲು ಆಧಾರ ಸಾಲದು. ದೊಡ್ಡ ಕೊರತೆ ತೊಳೆಯುವುದರಲ್ಲಿದೆ. ಐದಾರು ಬಿಡಿಭಾಗಗಳನ್ನು ರಾತ್ರಿ ನಿದ್ದೆಗಣ್ಣಿನಲ್ಲಿ ಬಿಚ್ಚಿ, ತೆಳ್ಳಗಿನ ಕೊಳವೆಯೊಳಗೆ ಬ್ರಷ್ ತೂರಿಸಿ, ಕುದಿಸಿ, ಮತ್ತೆ ಜೋಡಿಸಬೇಕು. ಕೊಳವೆಯಲ್ಲಿ ಹಾಲು ಉಳಿದರೆ ಕೋಲಿಕ್‌ಗಿಂತ ದೊಡ್ಡ ತೊಂದರೆ ಬರುತ್ತದೆ. ತೊಳೆಯಲು ಇನ್ನೊಬ್ಬರ ನೆರವಿಲ್ಲದ ಮನೆಗೆ ಕಡಿಮೆ ಭಾಗಗಳ ಬಾಟಲಿಯೇ ಸರಿ. ತೊಟ್ಟಿನ ರಂಧ್ರ ಮಗುವಿನ ವಯಸ್ಸಿಗೆ ತಕ್ಕದ್ದಾಗಿರುವುದು, ತಲೆ ಎತ್ತರಿಸಿ ಕುಡಿಸುವುದು, ತೊಟ್ಟಿನ ತುಂಬ ಹಾಲಿರುವಂತೆ ಬಾಟಲಿ ಹಿಡಿಯುವುದು, ನಡುವೆ ಮತ್ತು ಕೊನೆಗೆ ಹೆಗಲಿಗೆ ಹಾಕಿಕೊಂಡು ತೇಗಿಸುವುದು, ಇಷ್ಟನ್ನು ಮಾಡಿದರೆ ಸಾದಾ ಬಾಟಲಿಯಿಂದಲೂ ಬಹುಪಾಲು ಅದೇ ಪ್ರಯೋಜನ ಸಿಗುತ್ತದೆ.

ಮಳೆಯಂತೆ, ಫ್ಯಾನಿನಂತೆ ಸದ್ದು ಮಾಡುವ ವೈಟ್ ನಾಯ್ಸ್ ಯಂತ್ರಗಳಿಗೆ ಕೆಲವು ಮಕ್ಕಳು ಅಚ್ಚರಿಯಾಗುವಷ್ಟು ಬೇಗ ಸುಮ್ಮನಾಗುತ್ತವೆ. ಕೆಲವಕ್ಕೆ ಏನೂ ಆಗುವುದಿಲ್ಲ. ವಸ್ತುವಾಗಿ ಇದನ್ನು ಒಪ್ಪುತ್ತೇನೆ, ಆದರೆ ತಯಾರಕರು ಧ್ವನಿಯ ಮಟ್ಟದಲ್ಲಿ ತೋರುವ ಉಡಾಫೆಯನ್ನು ಒಪ್ಪುವುದಿಲ್ಲ. 2014ರಲ್ಲಿ ಕೆನಡಾದ ಟೊರಾಂಟೊದಲ್ಲಿ 14 ಯಂತ್ರಗಳನ್ನು ಪೂರ್ಣ ಧ್ವನಿಯಲ್ಲಿ ಅಳೆದಾಗ, 30 ಸೆಂಟಿಮೀಟರ್ ದೂರದಲ್ಲಿ ಎಲ್ಲವೂ ಆಸ್ಪತ್ರೆಯ ಶಿಶು ವಿಭಾಗಗಳಿಗೆ ಸೂಚಿಸಿರುವ 50 ಡೆಸಿಬೆಲ್ ಮಿತಿಯನ್ನು ದಾಟಿದವು. ಮೂರು ಯಂತ್ರಗಳು 85 ಡೆಸಿಬೆಲ್ ಕೂಡ ಮೀರಿದವು. ಅದು ಕಾರ್ಖಾನೆಯ ಕೆಲಸಗಾರರಿಗೇ ದಿನವಿಡೀ ಇರಬಾರದ ಸದ್ದು. ಹಾಗಾಗಿ ಯಂತ್ರವನ್ನು ತೊಟ್ಟಿಲಿಗೆ ಕಟ್ಟಬಾರದು, ಕನಿಷ್ಠ ಎರಡು ಮೀಟರ್ ದೂರ ಇಡಬೇಕು, ಧ್ವನಿಯನ್ನು ಅತಿ ಕಡಿಮೆಯಲ್ಲಿಡಬೇಕು, ಮಗು ನಿದ್ದೆಹೋದ ಮೇಲೆ ತಾನಾಗಿ ನಿಲ್ಲುವ ಟೈಮರ್ ಇರುವುದನ್ನೇ ಆರಿಸಬೇಕು. ಮೊಬೈಲಿನಲ್ಲಿ ಅದೇ ಸದ್ದನ್ನು ಹಾಕಿ ದಿಂಬಿನ ಪಕ್ಕ ಇಡುವುದಂತೂ ಬೇಡವೇ ಬೇಡ.

ಎದೆಗೆ ಕಟ್ಟಿಕೊಳ್ಳುವ ಜೋಳಿಗೆ, ಅಂದರೆ ಬೇಬಿ ಕ್ಯಾರಿಯರ್, ಈ ಪಟ್ಟಿಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಇಷ್ಟಕ್ಕೆ ಕಾರಣವನ್ನು ಸರಿಯಾಗಿ ಹೇಳಬೇಕು. 1986ರ ಒಂದು ಪ್ರಯೋಗದಲ್ಲಿ, ಅಳದಿರುವಾಗಲೂ ಸೇರಿದಂತೆ ದಿನದಲ್ಲಿ ಹೆಚ್ಚು ಹೊತ್ತು ಎತ್ತಿಕೊಂಡ ಸಾಮಾನ್ಯ ಶಿಶುಗಳು ಆರನೆಯ ವಾರದಲ್ಲಿ ಶೇ. 43ರಷ್ಟು ಕಡಿಮೆ ಅತ್ತವು. ಕೋಲಿಕ್ ಶುರುವಾದ ಮೇಲೆ ಹೆಚ್ಚು ಎತ್ತಿಕೊಂಡರೆ ಅಂಥ ಇಳಿಕೆಯಾಗುವುದಿಲ್ಲ ಎಂದು ಅದೇ ಸಂಶೋಧಕರಲ್ಲೊಬ್ಬರಾದ ರೊನಾಲ್ಡ್ ಬಾರ್ ಮತ್ತು ಸಂಗಡಿಗರು 1991ರಲ್ಲಿ ವರದಿ ಮಾಡಿದರು. ಇದನ್ನು ಮರೆಮಾಚಿ ಜೋಳಿಗೆಯನ್ನು ಹೊಗಳುವುದು ನ್ಯಾಯವಲ್ಲ. ನಾನು ಶಿಫಾರಸು ಮಾಡುವುದು ಬೇರೆ ಕಾರಣಕ್ಕೆ: ತೋಳು ಸೋತಾಗಲೂ ಮಗುವನ್ನು ಹತ್ತಿರವಿಟ್ಟುಕೊಂಡು ನಡೆಯಬಹುದು, ಒಂದು ಲೋಟ ನೀರು ಕುಡಿಯಬಹುದು, ಮತ್ತು ತಂದೆಯೋ ಅಜ್ಜನೋ ಅದನ್ನು ಕಟ್ಟಿಕೊಂಡರೆ ತಾಯಿ ಒಂದು ಗಂಟೆ ಮಲಗಬಹುದು. ನಡಿಗೆಗೆ ತನ್ನದೇ ಗುಣವೂ ಇದೆ. ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು 21 ಶಿಶುಗಳ ಹೃದಯಬಡಿತ ದಾಖಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ಎಡೆಬಿಡದೆ ನಡೆದಾಗ ಅಳು ನಿಂತು ಸುಮಾರು ಅರ್ಧದಷ್ಟು ಮಕ್ಕಳು ನಿದ್ದೆಹೋದವು. ಕೂಡಲೇ ಕೆಳಗಿಟ್ಟರೆ ಹಲವು ಎಚ್ಚರಗೊಂಡವು. ಆದ್ದರಿಂದ ಐದು ನಿಮಿಷ ನಡೆದು, ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತು, ಆಮೇಲೆ ಮಲಗಿಸಿ ಎಂಬುದು ಅವರ ಸೂಚನೆ. ಅದು ಕೋಲಿಕ್ ಮಕ್ಕಳ ಅಧ್ಯಯನವಲ್ಲ, ಆದರೂ ಮಾಡಿನೋಡಲು ತೊಂದರೆಯೇನಿಲ್ಲ.

ಜೋಳಿಗೆ ಆರಿಸುವಾಗ ಬಣ್ಣಕ್ಕಿಂತ ಕಟ್ಟು ಮುಖ್ಯ. ಮಗುವಿನ ಮುಖ ಸದಾ ಕಾಣಬೇಕು, ಗದ್ದ ಎದೆಗೆ ಒತ್ತಬಾರದು, ಬಗ್ಗಿದರೆ ನೆತ್ತಿಗೆ ಮುತ್ತಿಡುವಷ್ಟು ಹತ್ತಿರವಿರಬೇಕು, ಬೆನ್ನಿಗೆ ಆಸರೆ ಇರಬೇಕು, ತೊಡೆಗಳು ಅಗಲವಾಗಿ ಮಡಿಸಿ ಕೂರಬೇಕು. ಮಗು ಒಳಗೆ ಬಾಗಿ ಮುದುಡುವ ಚೀಲದಂಥ ಜೋಳಿಗೆಗಳು ನಾಲ್ಕು ತಿಂಗಳೊಳಗಿನ ಮಕ್ಕಳಿಗೆ, ವಿಶೇಷವಾಗಿ ಕಡಿಮೆ ತೂಕದವರಿಗೆ, ಉಸಿರುಗಟ್ಟುವ ಅಪಾಯ ತರುತ್ತವೆ.

ಮಗುವನ್ನು ಸುತ್ತುವ ಬಟ್ಟೆಯೂ ಕೆಲವರಿಗೆ ನೆಮ್ಮದಿ ಕೊಡುತ್ತದೆ. ಸೊಂಟ ಮತ್ತು ಕಾಲು ಸಡಿಲವಾಗಿರಲಿ, ಅಂಗಾತ ಮಲಗಿಸಿ, ಮಗ್ಗುಲಾಗುವ ಪ್ರಯತ್ನ ಕಂಡ ದಿನವೇ ನಿಲ್ಲಿಸಿ. ಭಾರ ತುಂಬಿದ ಸುತ್ತುಬಟ್ಟೆಗಳನ್ನು ಬಳಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಹೇಳಿದೆ. ತಾನಾಗಿ ತೂಗುವ ಕುರ್ಚಿಗಳು ಎಚ್ಚರವಿರುವ ಮಗುವಿಗೆ, ಕಣ್ಣೆದುರಿಗೆ, ಸ್ವಲ್ಪ ಹೊತ್ತು ಸರಿ. ನಿದ್ದೆಹೋದರೆ ಎತ್ತಿ ಸಮತಟ್ಟಾದ ಗಟ್ಟಿ ಹಾಸಿಗೆಗೆ ಬದಲಿಸಬೇಕು. 10 ಡಿಗ್ರಿಗಿಂತ ಹೆಚ್ಚು ಓರೆಯಾದ ಶಿಶು ಹಾಸಿಗೆಗಳನ್ನು ಅಮೆರಿಕ 2022ರ ಕಾನೂನಿನಿಂದ ನಿಷೇಧಿಸಿದ್ದು ಉಸಿರುಗಟ್ಟಿ ಸಂಭವಿಸಿದ ಸಾವುಗಳ ನಂತರ. ಬೆನ್ನೆಲುಬು ಒತ್ತಿ ಕೋಲಿಕ್ ಸರಿಪಡಿಸುತ್ತೇವೆ ಎನ್ನುವ ಸೇವೆಗಳ ಬಾಗಿಲಿಗೆ ಹೋಗಬೇಡಿ. ಎಣ್ಣೆ ಸವರಿ ಹೊಟ್ಟೆಯನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಮೆಲ್ಲನೆ ನೀವುವುದು, ಕಾಲುಗಳನ್ನು ಸೈಕಲ್ ತುಳಿದಂತೆ ಆಡಿಸುವುದು ಮನೆಯವರ ಕೈಯಲ್ಲೇ ಇರುವ ಕೆಲಸ. ಮಗುವಿಗೆ ಹಿತವೆನಿಸಿದರೆ ಮುಂದುವರಿಸಬಹುದು, ಅಳು ಹೆಚ್ಚಿದರೆ ಕೈಬಿಡಬಹುದು.

ಇಷ್ಟೆಲ್ಲ ವಸ್ತುಗಳ ನಡುವೆ ನಾನು ಮೊದಲ ಸ್ಥಾನ ಕೊಡುವುದು ಒಂದು ನೋಟ್‌ಬುಕ್ಕಿಗೆ. ಅಳು ಶುರುವಾದ ಹೊತ್ತು, ನಿಂತ ಹೊತ್ತು, ಹಾಲು, ನಿದ್ದೆ, ಮಲ, ಒದ್ದೆಯಾದ ಡೈಪರ್‌ಗಳ ಸಂಖ್ಯೆ, ಅಂದು ಕೊಟ್ಟ ಹನಿ: ಇಷ್ಟನ್ನು ಒಂದು ವಾರ ಬರೆದಿಟ್ಟರೆ ವೈದ್ಯರಿಗೆ ಹತ್ತು ಪ್ರಶ್ನೆಗಳ ಉತ್ತರ ಒಟ್ಟಿಗೆ ಸಿಗುತ್ತದೆ. ದಣಿದ ಮನಸ್ಸಿಗೆ ಇಡೀ ರಾತ್ರಿ ಅತ್ತಂತೆ ಅನ್ನಿಸಿದ್ದು ಬರೆದಾಗ ಎರಡು ಗಂಟೆ ಎಂದು ತಿಳಿಯುತ್ತದೆ; ಕೆಲವೊಮ್ಮೆ ಹೆಚ್ಚೇ ಇತ್ತೆಂದೂ ತಿಳಿಯುತ್ತದೆ, ಆಗ ತಾಯಿಯ ಮಾತನ್ನು ಯಾರೂ ಅಲ್ಲಗಳೆಯಲಾರರು. ಯಾವುದಾದರೂ ವಸ್ತುವನ್ನು ಪರೀಕ್ಷಿಸುವುದಿದ್ದರೆ ಒಂದು ಸಲಕ್ಕೆ ಒಂದನ್ನೇ ಬಳಸಿ, ಬಳಸುವ ಮೊದಲ ವಾರದ ಲೆಕ್ಕವನ್ನೂ ಬಳಸಿದ ವಾರದ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮಗುವಿನ ವಯಸ್ಸು ಎಷ್ಟು ವಾರ ಎಂಬುದನ್ನು ಮರೆಯದೆ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹನಿ, ಬಾಟಲಿ, ಯಂತ್ರ ಮೂರನ್ನೂ ಒಂದೇ ದಿನ ಶುರುಮಾಡಿದರೆ ಯಾವುದನ್ನು ನಿಲ್ಲಿಸಬಹುದೆಂಬುದು ಕೊನೆಗೂ ತಿಳಿಯುವುದಿಲ್ಲ.

ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮಗುವಿನ ವೈದ್ಯರ ಫೋನ್ ಸಂಖ್ಯೆಯನ್ನೂ ಕರೆದ ತಕ್ಷಣ ಬರಬಲ್ಲ ಇಬ್ಬರ ಸಂಖ್ಯೆಯನ್ನೂ ಬರೆದಿಡಬೇಕು. ಎಳೆಗೂಸನ್ನು ಸಿಟ್ಟಿನಲ್ಲಿ ಅಲುಗಾಡಿಸಿ ಮೆದುಳಿಗೆ ಪೆಟ್ಟಾಗುವ ದುರಂತಗಳಿಗೆ ಅತ್ಯಂತ ಸಾಮಾನ್ಯ ಪ್ರಚೋದನೆ ನಿಲ್ಲದ ಅಳುವೇ. ಹಾಗೆ ಮಾಡಿದವರು ಮಗುವನ್ನು ಪ್ರೀತಿಸದವರೇ ಆಗಿರುತ್ತಾರೆಂದಿಲ್ಲ. ಕೈ ನಡುಗುವಷ್ಟು ಕೋಪವೋ ಹತಾಶೆಯೋ ಬಂದಾಗ ಮಗುವನ್ನು ಖಾಲಿ ತೊಟ್ಟಿಲಿನಲ್ಲೋ ಸಮತಟ್ಟಾದ ಹಾಸಿಗೆಯಿದ್ದು ಸುತ್ತ ತಡೆಯಿರುವ ಮಗುವಿನ ಮಂಚದೊಳಗೋ ಅಂಗಾತ ಮಲಗಿಸಿ, ಬಾಗಿಲು ಮುಂದೆ ಮಾಡಿ, ಇನ್ನೊಂದು ಕೋಣೆಯಲ್ಲಿ ಹತ್ತು ನಿಮಿಷ ಕೂರಬೇಕು. ಆ ಹತ್ತು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಅಷ್ಟರಲ್ಲಿ ಆ ಇಬ್ಬರಲ್ಲಿ ಒಬ್ಬರಿಗೆ ಫೋನ್ ಮಾಡಬೇಕು, ಮರಳಿ ಹೋಗಿ ಮಗುವನ್ನು ನೋಡಬೇಕು. ಅಳು ನಿಂತ ಹೊತ್ತಿನಲ್ಲೂ ತಾಯಿಗೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ತನಗೋ ಮಗುವಿಗೋ ಕೆಡುಕು ಮಾಡುವ ಯೋಚನೆ ಬಂದರೆ, ಮರುದಿನಕ್ಕೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಬೇಕು. ಆಗ ಚಿಕಿತ್ಸೆ ಬೇಕಿರುವುದು ತಾಯಿಗೆ.